ನನ್ನ ಟ್ರಂಕಿನ ಬೀಗದ ಕೈ

ನಮ್ಮಮ್ಮನ ಹತ್ತಿರ ಒಂದು ಕಬ್ಬಿಣದ ಟ್ರಂಕು ಇತ್ತು. ಮದುವೆಯಲ್ಲಿ ತವರಿನಿಂದ ಬಂದದ್ದು. ಹಸಿರು ಬಣ್ಣ, ಮುಚ್ಚಳದ ಮೇಲೊಂದು ಗುಲಾಬಿ. ಅದರ ಬೀಗದ ಕೈ ಸದಾ ಅಮ್ಮನ ಸೆರಗಿನ ತುದಿಯಲ್ಲೇ. ಒಳಗೆ ಇದ್ದದ್ದಾದರೂ ಏನು? ಎರಡು ಹಳೇ ಸೀರೆ, ಅಜ್ಜಿ ಬರೆಸಿದ ಕಾಗದಗಳು, ಕರ್ಚೀಫಿನಲ್ಲಿ ಗಂಟು ಹಾಕಿದ ಸ್ವಲ್ಪ ದುಡ್ಡು. ಮನೆಯಲ್ಲಿ ಹುಲಿಯಂತಿದ್ದ ನಮ್ಮ ತಂದೆ ಕೂಡ ಆ ಟ್ರಂಕನ್ನು ಮುಟ್ಟಿದ್ದು ನಾನು ಕಾಣೆ. ಅದನ್ನು ಯಾರೂ ಗಂಡ ಹೆಂಡಿರ ನಡುವಿನ ಅಪನಂಬಿಕೆ ಎಂದು ಕರೆಯಲಿಲ್ಲ.

ನನಗೀಗ ಐವತ್ತಾರು. ಬಿ.ಎ., ಬಿ.ಎಡ್. ಮುಗಿಸಿ ಇಪ್ಪತ್ತೊಂಬತ್ತು ವರ್ಷದಿಂದ ಹೈಸ್ಕೂಲಿನಲ್ಲಿ ಪಾಠ ಹೇಳುತ್ತಿದ್ದೇನೆ. ಸಂಬಳ ನನ್ನದು, ಬ್ಯಾಂಕಿನ ಖಾತೆ ನನ್ನದು. ಆದರೆ ಹೋದ ವರ್ಷದವರೆಗೆ ಅಮ್ಮನಿಗಿದ್ದ ಆ ಟ್ರಂಕು ಮಾತ್ರ ನನಗಿರಲಿಲ್ಲ.

ಆದದ್ದು ಇಷ್ಟು. ದೀಪಾವಳಿಗೆ ಬಂದ ಮಗ ನನ್ನ ಡೈರಿಯ ಕೊನೇ ಪುಟ ನೋಡಿ ಹೌಹಾರಿದ. ಬ್ಯಾಂಕು, ಮೇಲ್, ಕರೆಂಟ್ ಬಿಲ್ಲು, ಗ್ಯಾಸು ಎಲ್ಲದರ ಪಾಸ್‌ವರ್ಡೂ ಅಲ್ಲೇ ಇತ್ತು. "ಅಮ್ಮಾ, ಯಾರಾದ್ರೂ ಹೀಗೆ ಬರೆದಿಡ್ತಾರಾ?" ಎಂದವನೇ ನಮ್ಮಿಬ್ಬರ ಫೋನಿಗೂ ಪಾಸ್‌ವರ್ಡ್ ಮ್ಯಾನೇಜರ್ ಹಾಕಿಕೊಟ್ಟ. ಎಲ್ಲ ಪಾಸ್‌ವರ್ಡನ್ನೂ ಒಂದು ಪೆಟ್ಟಿಗೆಯಲ್ಲಿಟ್ಟು, ಆ ಪೆಟ್ಟಿಗೆಗೆ ಮಾಸ್ಟರ್ ಪಾಸ್‌ವರ್ಡ್ ಎಂಬ ಒಂದೇ ಬೀಗ ಹಾಕುವುದು. ಒಳ್ಳೆಯ ಏರ್ಪಾಡು, ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಅವನು ತೆರೆದದ್ದು ಒಂದೇ ಖಾತೆ. ಅದೂ ಅವರಪ್ಪನ ಇ-ಮೇಲ್‌ನಲ್ಲಿ. "ಗಂಡ ಹೆಂಡ್ತಿ ತಾನೇ, ಎರಡೆರಡು ಯಾಕೆ?"

ಮೊದಲ ಪೆಟ್ಟು ನಗೆಪಾಟಲಿನದು. ನಮ್ಮಿಬ್ಬರ ಖಾತೆಯೂ ಒಂದೇ ಬ್ಯಾಂಕಿನಲ್ಲಿದೆ. ನಾನು ನನ್ನ ಹೊಸ ಪಾಸ್‌ವರ್ಡ್ ಉಳಿಸಲು ಹೋಗಿ ಅವರದರ ಮೇಲೆ ಉಳಿಸಿಬಿಟ್ಟೆ. ಆಮೇಲೆ ಅದು ಅವರ ಹೆಸರಿಗೆ ನನ್ನ ಪಾಸ್‌ವರ್ಡನ್ನು ತಾನೇ ತುಂಬುತ್ತಾ ಹೋಯಿತು. ನಮ್ಮವರು ಕನ್ನಡಕ ಹಾಕದೆ ಮತ್ತೆ ಮತ್ತೆ ಒತ್ತಿದರು. ಅವರ ನೆಟ್ ಬ್ಯಾಂಕಿಂಗ್ ಲಾಕ್ ಆಯಿತು. ಬೈಸಿಕೊಂಡವಳು ಯಾರೆಂದು ಬೇರೆ ಹೇಳಬೇಕಾಗಿಲ್ಲ.

ಎರಡನೆಯದಕ್ಕೆ ನಗು ಬರಲಿಲ್ಲ. ಆ ಪೆಟ್ಟಿಗೆಯಲ್ಲಿ ಟಿಪ್ಪಣಿ ಬರೆದಿಡುವ ಜಾಗವೂ ಇದೆ. ಅಲ್ಲಿ ನಾನು ನನ್ನ ತಂಗಿಯ ಖಾತೆಯ ನಂಬರನ್ನೂ, ತಿಂಗಳು ತಿಂಗಳು ಅವಳಿಗೆ ಕಳಿಸುವ ಹದಿನೈದು ನೂರರ ಲೆಕ್ಕವನ್ನೂ ಬರೆದಿಟ್ಟಿದ್ದೆ. ಅವಳ ಗಂಡ ಕುಡಿಯುತ್ತಾನೆ. "ಅಕ್ಕಾ, ಭಾವನಿಗೆ ಮಾತ್ರ ಗೊತ್ತಾಗೋದು ಬೇಡ" ಎಂದು ಕೈಹಿಡಿದು ಕೇಳಿಕೊಂಡಿದ್ದಳು. ನಮ್ಮವರು ಗ್ಯಾಸಿನ ನಂಬರು ಹುಡುಕುತ್ತಾ ಅದನ್ನು ನೋಡಿದರು. "ತಂಗಿಗೆ ದುಡ್ಡು ಕಳಿಸ್ತಿದೀಯಲ್ಲ, ನಂಗೆ ಹೇಳಲೇ ಇಲ್ವಲ್ಲ?" ಎಂದರು. ಸಿಟ್ಟಿಲ್ಲ, ರೇಗಾಟವಿಲ್ಲ, ಒಳ್ಳೆಯ ಮನುಷ್ಯರು. ಆದರೂ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬಯಲಾದದ್ದು ನನ್ನ ಗುಟ್ಟಲ್ಲ, ತಂಗಿಯ ಮಾನ. ಮುಂದಿನ ಹಬ್ಬಕ್ಕೆ ಬಂದಾಗ ಇವರು ಅವಳ ಮೇಲೆ ತೋರಿಸಿದ ಮರುಕವೇ ಸಾಕಾಯಿತು, ಅವಳಿಗೆ ಎಲ್ಲ ಅರ್ಥವಾಯಿತು. ಈಗಲೂ ನನ್ನ ಜೊತೆ ಮೊದಲಿನ ಹಾಗೆ ಮಾತಾಡುವುದಿಲ್ಲ.

ಇದನ್ನು ಹೇಳಿದರೆ ನಮ್ಮ ಹೆಂಗಸರೇ ಕೇಳುತ್ತಾರೆ: "ಗಂಡನ ಹತ್ರ ಮುಚ್ಚಿಡೋದು ಏನಿರತ್ತೆ?" ನನಗೆ ಮೈ ಉರಿಯುವುದು ಈ ಪ್ರಶ್ನೆಗೇ. ಸ್ನಾನದ ಮನೆಗೆ ಅಗಣಿ ಹಾಕುತ್ತೇವೆ, ಒಳಗೆ ಏನು ಕದ್ದಿಟ್ಟಿರುತ್ತೇವೆ? ನಮ್ಮ ಹತ್ತಿರ ನಮ್ಮದಷ್ಟೇ ಅಲ್ಲ, ತಂಗಿಯದು, ಗೆಳತಿಯದು, ಎಷ್ಟೋ ಸಲ ಶಾಲೆಯ ಹೆಣ್ಣುಮಕ್ಕಳದೂ ಇರುತ್ತದೆ. ಅದನ್ನು ಗಂಡನಿಗೆ ಒಪ್ಪಿಸಲು ನಮಗೇನು ಅಧಿಕಾರ? ಅದೂ ಅಲ್ಲದೆ, ಒಂದೇ ಖಾತೆ ಎಂದಾಗ ಅದು ಯಾರ ಹೆಸರಿನಲ್ಲಿರುತ್ತದೆ ಗಮನಿಸಿದ್ದೀರಾ? ಹತ್ತು ಮನೆಯಲ್ಲಿ ವಿಚಾರಿಸಿ ನೋಡಿ. ನಾನು ವಿಚಾರಿಸಿದೆ, ಹೆಂಡತಿಯ ಇ-ಮೇಲ್‌ನಲ್ಲಿ ತೆರೆದದ್ದು ಒಂದೂ ಸಿಗಲಿಲ್ಲ. ಮಾಸ್ಟರ್ ಪಾಸ್‌ವರ್ಡ್ ಬದಲಿಸಿದವರ ಕೈಯಲ್ಲಿ ಇಡೀ ಪೆಟ್ಟಿಗೆ. ನನ್ನ ಜೊತೆಯ ಟೀಚರೊಬ್ಬರ ಗಂಡ ಜಗಳದ ಮಾರನೇ ದಿನ ಅದನ್ನೇ ಮಾಡಿದ. ತನ್ನ ಮೇಲ್ ತಾನೇ ತೆರೆಯಲಾಗದೆ ಆಕೆ ಸ್ಟಾಫ್ ರೂಮಿನಲ್ಲಿ ಕೂತು ಅತ್ತದ್ದನ್ನು ಕಣ್ಣಾರೆ ಕಂಡಿದ್ದೇನೆ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅಂತಾರೆ, ಇದು ಮೂರು ವಾರ ನಡೆಯಿತು.

ಕಾನೂನು ಈ ಮಾತನ್ನು ಎಂದೋ ಹೇಳಿದೆ. 1985ರಲ್ಲಿ ಪ್ರತಿಭಾ ರಾಣಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಹೆಣ್ಣು ಗಂಡನ ಮನೆಗೆ ಕಾಲಿಟ್ಟ ಮಾತ್ರಕ್ಕೆ ಅವಳ ಸ್ತ್ರೀಧನ ಇಬ್ಬರ ಜಂಟಿ ಆಸ್ತಿಯಾಗುವುದಿಲ್ಲ, ಅದು ಅವಳದೇ ಎಂದಿತು. ಬ್ಯಾಂಕಿನ ಲೆಕ್ಕದಲ್ಲೂ "ನಾವಿಬ್ಬರೂ ಒಂದೇ" ಎಂಬುದು ನಡೆಯುವುದಿಲ್ಲ. 2013ರಲ್ಲಿ ಬೆಂಗಳೂರಿನಲ್ಲಿ ಹಸುಗೂಸಿನ ತಾಯಿಯೊಬ್ಬಳು ತನ್ನ ಕಾರ್ಡು, ಪಿನ್ ಕೊಟ್ಟು ಗಂಡನನ್ನು ಎ.ಟಿ.ಎಂ.ಗೆ ಕಳಿಸಿದಳು. ಯಂತ್ರ 25,000 ರೂಪಾಯಿ ಕೊಡಲಿಲ್ಲ, ಖಾತೆಯಿಂದ ಮಾತ್ರ ಹೋಯಿತು. 2018ರಲ್ಲಿ ಗ್ರಾಹಕರ ವೇದಿಕೆ ಆಕೆಯ ದೂರನ್ನು ತಳ್ಳಿಹಾಕಿತು. ಪಿನ್ ಗಂಡನಿಗೇ ಆದರೂ ಕೊಟ್ಟದ್ದು ತಪ್ಪು ಎಂದಾಯಿತು. ಬಾಣಂತಿಯನ್ನು ಎ.ಟಿ.ಎಂ. ಕ್ಯೂನಲ್ಲಿ ನಿಲ್ಲಿಸಬೇಕಿತ್ತೇ ಎಂದು ನನಗೂ ಸಿಟ್ಟು ಬಂತು. ಆದರೆ ನಿಯಮ ಇರುವುದು ಹಾಗೆ.

ಹಾಗಾದರೆ ಏನು ಮಾಡುವುದು? ಕಷ್ಟವೇನಿಲ್ಲ. ಇಬ್ಬರಿಗೂ ಬೇರೆ ಬೇರೆ ಖಾತೆ, ಬೇರೆ ಬೇರೆ ಮಾಸ್ಟರ್ ಪಾಸ್‌ವರ್ಡ್. ನಡುವೆ ಅಡುಗೆಮನೆಯ ಶೆಲ್ಫಿನ ಹಾಗೆ ಇಬ್ಬರಿಗೂ ಸೇರಿದ ಒಂದು ಜಾಗ. ಕರೆಂಟು, ನೀರು, ಗ್ಯಾಸು, ಮನೆಗಂದಾಯ, ಇನ್ಷೂರೆನ್ಸ್ ಅಲ್ಲಿ. ಉಳಿದದ್ದು ಅವರವರ ಟ್ರಂಕಿನಲ್ಲಿ. ಬಿಟ್‌ವಾರ್ಡನ್ ಎಂಬುದರಲ್ಲಿ ಇಬ್ಬರು ಹೀಗೆ ಹಂಚಿಕೊಳ್ಳಲು ದುಡ್ಡೇ ಬೇಡ. ಒನ್‌ಪಾಸ್‌ವರ್ಡ್‌ನ ಕುಟುಂಬದ ಖಾತೆಯಲ್ಲಿ ಪ್ರತಿಯೊಬ್ಬರಿಗೂ ಸ್ವಂತದ್ದೊಂದು, ಎಲ್ಲರಿಗೂ ಸೇರಿದ್ದೊಂದು ಪೆಟ್ಟಿಗೆ ಇರುತ್ತದೆ, ಅದಕ್ಕೆ ಚಂದಾ ಕೊಡಬೇಕು. ಆಪಲ್ ಫೋನಿನವರಿಗೆ 2023ರಿಂದ ಬೇಕಾದ ಪಾಸ್‌ವರ್ಡ್ ಮಾತ್ರ ಗುಂಪಿನಲ್ಲಿ ಹಂಚಿಕೊಳ್ಳುವ ಸೌಕರ್ಯ ಬಂದಿದೆ. ಇದನ್ನೆಲ್ಲ ಮಾಡಿದವರೇ ಗಂಡ ಹೆಂಡಿರಿಗೆ ಎರಡು ಪೆಟ್ಟಿಗೆ ಬೇಕು ಎಂದು ತಿಳಿದಿದ್ದಾರೆ. ತಿಳಿಯದಿದ್ದದ್ದು ನನ್ನ ಮಗನಿಗೆ.

"ನಾಳೆ ನಂಗೇನಾದ್ರೂ ಆದ್ರೆ?" ಎಂದು ನಮ್ಮವರು ಕೇಳಿದರು. ಈ ಪ್ರಶ್ನೆಗೆ ಬೆಲೆ ಕೊಡಬೇಕು. ಗಂಡ ಹೋದ ಮೇಲೆ ಪಾಸ್‌ವರ್ಡ್ ಗೊತ್ತಿಲ್ಲದೆ ಬ್ಯಾಂಕಿಗೆ ಅಲೆದ ಹೆಂಗಸರು ನಮ್ಮ ಬೀದಿಯಲ್ಲೇ ಇದ್ದಾರೆ. ಬಿಟ್‌ವಾರ್ಡನ್‌ನ ದುಡ್ಡು ಕೊಡುವ ಖಾತೆಯಲ್ಲಿ ಇದಕ್ಕೂ ದಾರಿಯಿದೆ. ನಾವು ಹೆಸರಿಸಿದವರು ತೆರೆಯಲು ಕೇಳಬಹುದು. ನಾವು ಗೊತ್ತುಮಾಡಿದಷ್ಟು ದಿನದೊಳಗೆ ಬೇಡ ಎನ್ನದಿದ್ದರೆ ಅವರಿಗೆ ತೆರೆಯುತ್ತದೆ. ಅದು ಬೇಡವೆಂದರೆ ಬರೆದು ಕವರಿಗೆ ಹಾಕಿ, ಅಂಟಿಸಿ, ಬೀರುವಿನಲ್ಲಿಡಿ. ನಾಮಿನಿ ಹೆಸರು ಬರೆಸುವುದನ್ನು ಮಾತ್ರ ಮರೆಯಬೇಡಿ. ಸತ್ತ ಮೇಲೆ ಬೇಕಾಗುವ ಬೀಗದ ಕೈಗಾಗಿ ಬದುಕಿರುವಷ್ಟು ದಿನ ಬಾಗಿಲು ತೆರೆದಿಡಬೇಕಾಗಿಲ್ಲ.

ನಾನು ಬೇರೆ ಖಾತೆ ತೆರೆದಾಗ ನಮ್ಮವರು ಎರಡು ದಿನ ಮುಖ ಊದಿಸಿಕೊಂಡಿದ್ದರು. ಮೂರನೇ ದಿನ ಕಾಫಿ ಕೇಳಿದರು. ತಿಂಗಳಾದ ಮೇಲೆ ಒಂದು ಸಂಜೆ, "ಲೇ, ನನ್ನ ಮಾಸ್ಟರ್ ಪಾಸ್‌ವರ್ಡ್ ಏನಿಟ್ಟಿದ್ದೆ?" ಎಂದರು.

"ನಂಗೇನ್ರೀ ಗೊತ್ತು? ನಿಮ್ಮ ಟ್ರಂಕು" ಎಂದೆ.

ಅರ್ಧ ಗಂಟೆ ಹುಡುಕಿದರು. ಕೊನೆಗೆ ಗೋಡೆಯ ಕ್ಯಾಲೆಂಡರಿನ ಹಿಂದೆ ಪೆನ್ಸಿಲಿನಲ್ಲಿ ಬರೆದದ್ದು ಸಿಕ್ಕಿತು. ಅದನ್ನು ನಾನು ವಾರದ ಹಿಂದೆ ಧೂಳು ಹೊಡೆಯುವಾಗಲೇ ನೋಡಿದ್ದೆ. ಓದದೆ ಹಾಗೇ ತಿರುಗಿಸಿ ನೇತುಹಾಕಿದ್ದೆ.