ಚಿಲಕ ಹಾಕಿದೆಯಾ, ತಾತ?

ಪುಸ್ತಕ ಓದಿ ಯಾರಾದರೂ ಹೆದರುತ್ತಾರಾ ಎಂದು ಮೊಮ್ಮಗಳು ನಕ್ಕಳು. ಅವಳ ಪ್ರಕಾರ ಹೆದರಿಸುವುದೇನಿದ್ದರೂ ಸಿನಿಮಾ.

1979ರಲ್ಲಿ ‘ನಾ ನಿನ್ನ ಬಿಡಲಾರೆ’ ನೋಡಿ ನಾನೂ ಹೆದರಿದ್ದೆ, ಸುಳ್ಳೇಕೆ? ಆದರೆ ಸಿನಿಮಾದಲ್ಲಿ ದೆವ್ವಕ್ಕಿಂತ ಮೊದಲು ಸಂಗೀತ ಬರುತ್ತದೆ. ಕಣ್ಣು ಮುಚ್ಚಿಕೊಳ್ಳಲು ಸಮಯ ಸಿಗುತ್ತದೆ. (ನನ್ನಾಕೆ ಸೆರಗಿನ ಸಂದಿಯಿಂದ ಪೂರ್ತಿ ನೋಡಿದ್ದಳು!)

ರಾತ್ರಿ ಜಿಮ್ ಕಾರ್ಬೆಟ್ಟರ ರುದ್ರಪ್ರಯಾಗದ ಚಿರತೆಯ ಪುಸ್ತಕ ತೆಗೆದು ಅವಳಿಗೆ ಓದಿದೆ. ತೇಜಸ್ವಿಯವರು ಅದನ್ನು ಕನ್ನಡಕ್ಕೆ ತಂದಿದ್ದಾರೆ. 1926ರಲ್ಲಿ ಗುಂಡಿಗೆ ಬಲಿಯಾಗುವ ಮೊದಲು ಆ ಚಿರತೆ 125 ಜನರನ್ನು ಕೊಂದಿತ್ತು. ಒಂದು ಕಡೆ ಇಬ್ಬರು ಗೆಳೆಯರು ಕತ್ತಲ ಕೋಣೆಯಲ್ಲಿ ಹುಕ್ಕಾ ಸೇದುತ್ತಾ ಕೂತಿರುತ್ತಾರೆ. ಬಾಗಿಲ ಬಳಿ ಇದ್ದವನ ಕೈಯಿಂದ ಹುಕ್ಕಾ ಬೀಳುತ್ತದೆ. ಜೋಪಾನವಪ್ಪಾ ಎಂದು ಇನ್ನೊಬ್ಬ ಕೆಂಡ ಬಳಿಯಲು ಬಗ್ಗಿ, ಬಾಗಿಲ ಕಡೆ ನೋಡಿದರೆ ಚಿರತೆ ಗೆಳೆಯನನ್ನು ಕಚ್ಚಿಕೊಂಡು ಹೋಗುತ್ತಿದೆ. ಒಂದು ಕೂಗಿಲ್ಲ.

ಮೊಮ್ಮಗಳು ನನ್ನ ಕೈ ಹಿಡಿದುಕೊಂಡಳು. ಸಿನಿಮಾದವರಾದರೆ ಆ ಕೋಣೆಯನ್ನು ಅವರೇ ತೋರಿಸುತ್ತಿದ್ದರು. ಇಲ್ಲಿ ನಾವೇ ಕಟ್ಟಿಕೊಳ್ಳಬೇಕು. ನಾನಂತೂ ನಮ್ಮ ನಡುಮನೆಯನ್ನೇ ಕಟ್ಟಿಕೊಂಡಿದ್ದೆ. ಬಾಗಿಲು ನನ್ನ ಬೆನ್ನ ಹಿಂದೆಯೇ ಇತ್ತು.

“ಚಿಲಕ ಹಾಕಿದೆಯಾ, ತಾತ?”

ಹಾಕಿದ್ದೆ. ಆದರೂ ಬ್ಯಾಂಕಿನಲ್ಲಿ ನೋಟಿನ ಕಟ್ಟನ್ನು ಎರಡು ಸಲ ಎಣಿಸಿದ ಅಭ್ಯಾಸ ನೋಡಿ, ಎದ್ದು ಹೋಗಿ ಇನ್ನೊಮ್ಮೆ ಮುಟ್ಟಿ ಬಂದೆ.