ಒಂದೇ ಒಂದು ವೋಟಿನಲ್ಲಿ ಸೋತ ಭಾನುವಾರ

ಭಾನುವಾರ ರಾತ್ರಿ ಹತ್ತೂವರೆ. ಅಮ್ಮ ಅಡುಗೆಮನೆಯಲ್ಲಿ ನಾಳೆಯ ದೋಸೆಹಿಟ್ಟು ಕಲಸ್ತಾ ಇದ್ದರು. ನಾನು ರೂಮಿನಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತು, ಇಡೀ ಜಗತ್ತನ್ನು ಗೆಲ್ಲೋಕೆ ಎರಡೇ ಎರಡು ಅಂಕ ದೂರದಲ್ಲಿದ್ದೆ. ಹತ್ತು ನಿಮಿಷದ ನಂತರ ನಾನು "ಥೂ!" ಅಂತ ಕೂಗಿದ್ದಕ್ಕೆ ಅಮ್ಮ ಹಿಟ್ಟಿನ ಕೈಯಲ್ಲೇ ಓಡಿಬಂದರು.

"ಏನಾಯ್ತೋ? ಕೆಲಸ ಹೋಯ್ತಾ?"

"ಇಲ್ಲಮ್ಮ, ಒಂದು ವೋಟಲ್ಲಿ ಸೋತೆ."

"ಯಾವ ಎಲೆಕ್ಷನ್ನು?"

ಅಮ್ಮನಿಗೆ ಹೇಳಿದ್ದನ್ನೇ ನಿಮಗೂ ಹೇಳ್ತೀನಿ. ಸಿವಿಲೈಸೇಷನ್ 6 ಅಂತ ಒಂದು ವಿಡಿಯೊ ಗೇಮ್. ಕಲ್ಲಿನ ಆಯುಧ ಹಿಡಿದ ಕಾಲದಿಂದ ರಾಕೆಟ್ ಹಾರಿಸುವ ಕಾಲದವರೆಗೆ ನಿಮ್ಮ ನಾಗರಿಕತೆಯನ್ನು ಬೆಳೆಸಬೇಕು. ಯುದ್ಧ ಮಾಡಿ ಗೆಲ್ಲಬಹುದು, ವಿಜ್ಞಾನದಲ್ಲಿ ಗೆಲ್ಲಬಹುದು. 2019ರಲ್ಲಿ ಬಂದ ಗ್ಯಾದರಿಂಗ್ ಸ್ಟಾರ್ಮ್ ಎಂಬ ವಿಸ್ತರಣೆ ಇನ್ನೊಂದು ದಾರಿ ತೋರಿಸಿತು: ರಾಜತಾಂತ್ರಿಕ ಗೆಲುವು. 20 ಅಂಕ ಯಾರಿಗೆ ಮೊದಲು ಸಿಗುತ್ತೋ ಅವರು ಗೆದ್ದ ಹಾಗೆ. ರಕ್ತ ಹರಿಸದೆ ಗೆಲ್ಲೋದು ಅಂದರೆ ನನ್ನಂಥ ಪುಕ್ಕಲನಿಗೆ ಹಬ್ಬ.

ನಾವು ಮೂವರು ಕಾಲೇಜು ಗೆಳೆಯರು. ಒಬ್ಬ ಪುಣೆಯಲ್ಲಿ, ಒಬ್ಬಳು ಡಬ್ಲಿನ್‌ನಲ್ಲಿ, ನಾನು ಇಲ್ಲೇ ಬೆಂಗಳೂರಲ್ಲಿ. ಎರಡು ತಿಂಗಳಿಂದ ಪ್ರತಿ ಭಾನುವಾರ ಒಂದೇ ಆಟವನ್ನು ಮುಂದುವರಿಸ್ತಾ ಇದ್ವಿ. ಕಂಪ್ಯೂಟರ್ ಎದುರಾಳಿ ಯಾರೂ ಇಲ್ಲ, ಮೂವರೇ. ಆವತ್ತು ನನ್ನ ಹತ್ತಿರ 18 ಅಂಕ ಇತ್ತು.

ಈಗ ವೋಟಿನ ವಿಷಯ. ಆಟದಲ್ಲಿ 30 ಸರದಿಗೊಮ್ಮೆ ವಿಶ್ವ ಕಾಂಗ್ರೆಸ್ ಸೇರುತ್ತೆ. ಆಟ ಆಧುನಿಕ ಯುಗಕ್ಕೆ ಬಂದ ಮೇಲೆ ಅಲ್ಲಿ ಒಂದು ಭಯಂಕರ ಠರಾವು ಬರುತ್ತೆ. 'ಎ' ಗೆದ್ದರೆ ಆರಿಸಿದ ಆಟಗಾರನಿಗೆ 2 ಅಂಕ ಸಿಗುತ್ತೆ, 'ಬಿ' ಗೆದ್ದರೆ 2 ಅಂಕ ಕಟ್. ಎಲ್ಲರೂ ಗುಟ್ಟಾಗಿ, ಒಟ್ಟಿಗೇ ವೋಟ್ ಹಾಕಬೇಕು. ಮೊದಲ ವೋಟು ಪುಕ್ಕಟೆ. ಆಮೇಲಿನದಕ್ಕೆ 'ಡಿಪ್ಲೊಮ್ಯಾಟಿಕ್ ಫೇವರ್' ಎಂಬ ನಾಣ್ಯ ಕೊಡಬೇಕು. ಎರಡನೇ ವೋಟಿಗೆ 10, ಮೂರನೆಯದಕ್ಕೆ 20, ನಾಲ್ಕನೆಯದಕ್ಕೆ 30, ಹೀಗೆ ಏರುತ್ತಾ ಹೋಗುತ್ತೆ. ಮೈತ್ರಿ ಮಾಡಿಕೊಂಡರೆ, ಸಣ್ಣ ನಗರರಾಜ್ಯಗಳನ್ನು ಒಲಿಸಿಕೊಂಡರೆ ಈ ಫೇವರ್ ಜಮಾ ಆಗುತ್ತೆ. ಬೇರೆಯವರಿಂದ ಚಿನ್ನ ಕೊಟ್ಟೂ ಕೊಂಡುಕೊಳ್ಳಬಹುದು.

ನನ್ನ ಖಾತೆಯಲ್ಲಿ 900 ಇತ್ತು. ವ್ಯಾಪಾರದ ಪರದೆ ತೆರೆದು ಅವರದ್ದು ನೋಡಿದೆ. ಇಬ್ಬರ ಹತ್ತಿರವೂ ಇನ್ನೂರು ಚಿಲ್ಲರೆ. ಇಬ್ಬರದ್ದೂ ಸೇರಿಸಿದರೆ ನನ್ನ ಅರ್ಧವೂ ಇಲ್ಲ. "ಮುಗೀತು ಬಿಡಿ" ಅಂದುಕೊಂಡು ನನ್ನ ಪರವಾಗಿ 13 ವೋಟು ಹಾಕಿದೆ. ಖರ್ಚು 780. ಹದಿನಾಲ್ಕನೆಯದಕ್ಕೆ ಇನ್ನೂ 130 ಬೇಕಿತ್ತು, ಉಳಿದಿದ್ದು 120.

ಅವರಿಬ್ಬರೂ ತಲಾ 7 ವೋಟು ನನ್ನ ವಿರುದ್ಧ ಹಾಕಿದ್ದರು. ಒಬ್ಬೊಬ್ಬರಿಗೆ ಖರ್ಚಾಗಿದ್ದು ಬರೀ 210. ಹದಿನಾಲ್ಕಕ್ಕೆ ಹದಿಮೂರು. ನನ್ನ ಅಂಕ 18ರಿಂದ 16ಕ್ಕೆ ಇಳಿಯಿತು.

ಸಿಟ್ಟು ನೆತ್ತಿಗೇರಿತು. ಇದೆಂಥಾ ವೋಟಿಂಗ್ ರೀ? ನಿಜವಾದ ವಿಶ್ವಸಂಸ್ಥೆಯ ಮಹಾಸಭೆಯಲ್ಲಿ 193 ದೇಶಗಳಿಗೂ ತಲಾ ಒಂದೇ ವೋಟು. ಇಲ್ಲಿ ವೋಟು ಮಾರಾಟಕ್ಕಿದೆ, ಅದೂ ಜಾಸ್ತಿ ಕೊಂಡಷ್ಟೂ ದುಬಾರಿ. ಇದೇ ಸರಣಿಯ ಐದನೇ ಆಟದಲ್ಲಿ ಎದುರಾಳಿಯ ರಾಜಧಾನಿಗೆ ರಾಯಭಾರಿಯನ್ನು ಕಳಿಸಿ, "ಈ ಠರಾವಿಗೆ ನಿನ್ನ ಬೆಂಬಲ ಕೊಡು, ನಾನು ಇಷ್ಟು ಕೊಡ್ತೀನಿ" ಅಂತ ಒಪ್ಪಂದ ಮಾಡಿಕೊಳ್ಳಬಹುದಿತ್ತು. ಆರರಲ್ಲಿ ಅದೂ ಇಲ್ಲ. ರಾಜತಂತ್ರ ಅಂತ ಹೆಸರು, ಆದರೆ ಮಾತಾಡೋಕೆ ಜಾಗವೇ ಇಲ್ಲ!

ಇದನ್ನೆಲ್ಲ ಕಾಲ್‌ನಲ್ಲಿ ಅವರಿಗೂ ಹೇಳಿದೆ. ಸ್ವಲ್ಪ ಜೋರಾಗೇ ಹೇಳಿದೆ. "ಬೆನ್ನಿಗೆ ಚೂರಿ ಹಾಕಿದ್ರಿ" ಅಂತಲೂ ಅಂದೆ. ಪುಣೆಯವನು ಸುಮ್ಮನಿದ್ದ. ಡಬ್ಲಿನ್‌ನವಳು ನಿಧಾನವಾಗಿ ಕೇಳಿದಳು, "ನಿನ್ನ ಹತ್ತಿರ 900 ಹೇಗೆ ಬಂತು ಅಂತ ಜ್ಞಾಪಕ ಇದೆಯಾ?"

ಇತ್ತು. ಮೂರು ವಾರದ ಹಿಂದೆ ಆಟದಲ್ಲಿ ಅವಳ ನದಿಗೆ ಪ್ರವಾಹ ಬಂದು ಹೊಲಗಳೆಲ್ಲ ಹಾಳಾಗಿದ್ದವು. ಚಿನ್ನ ಕೇಳಿದ್ದಳು. ಕೊಟ್ಟೆ, ಆದರೆ ಅವಳ ಫೇವರ್ ಅಷ್ಟನ್ನೂ ಬರೆಸಿಕೊಂಡು ಕೊಟ್ಟೆ. ಪುಣೆಯವನಿಗೆ ಸೈನ್ಯ ಸಾಕೋಕೆ ದುಡ್ಡು ಸಾಲದಾದಾಗಲೂ ಅದೇ ವ್ಯಾಪಾರ. ಆಗ ನನಗೆ ನಾನೇ ಭಾರಿ ಬುದ್ಧಿವಂತ ಅನಿಸಿತ್ತು.

"ಆಟ ಬಿಡು," ಅಂದಳು. "ನನ್ನ ಕಾಂಟ್ರ್ಯಾಕ್ಟ್ ರಿನ್ಯೂ ಆಗಲ್ವೇನೋ ಅಂತ ಗ್ರೂಪಲ್ಲಿ ಹಾಕಿ ಹತ್ತು ದಿನ ಆಯ್ತು. ನೀನು ಒಂದು ಥಂಬ್ಸ್ ಅಪ್ ಒತ್ತಿದೆ. ಎರಡು ತಿಂಗಳಿಂದ ನೀನು ನಮ್ಮ ಹತ್ತಿರ ನೆಟ್ಟಗೆ ಮಾತಾಡಿರೋದು ಟ್ರೇಡ್ ಸ್ಕ್ರೀನಲ್ಲಿ ಮಾತ್ರ."

ನನ್ನ ಬಾಯಿ ಕಟ್ಟಿಹೋಯ್ತು. ಆ ಮೆಸೇಜು ಬಂದಾಗ ನಾನು ಆಫೀಸ್ ಮೀಟಿಂಗ್‌ನಲ್ಲಿದ್ದೆ. ಆಮೇಲೆ ಫೋನ್ ಮಾಡೋಣ ಅಂದುಕೊಂಡಿದ್ದೆ. ಆ 'ಆಮೇಲೆ' ಬರಲೇ ಇಲ್ಲ. ಅವರಿಬ್ಬರು ಮಾತ್ರ ದಿನಾ ಮಾತಾಡ್ತಾ ಇದ್ದರು. ಸಂಚು ಏನೂ ಇರಲಿಲ್ಲ. ಗೆಳೆಯರು ಮಾತಾಡೋ ಹಾಗೆ ಮಾತಾಡಿದ್ದರು, ಮಾತಿನ ನಡುವೆ ಈ ವೋಟೂ ಬಂದು ಹೋಗಿತ್ತು ಅಷ್ಟೆ.

ರಾತ್ರಿ ನಿದ್ದೆ ಬರದೆ ಲೆಕ್ಕ ಹಾಕ್ತಾ ಮಲಗಿದ್ದೆ. ಒಬ್ಬನೇ 15 ವೋಟು ಕೊಳ್ಳಬೇಕಾದರೆ 1050 ಬೇಕು. ಇಬ್ಬರು ಸೇರಿ 14 ವೋಟು ಹಾಕೋಕೆ 420 ಸಾಕು. ಇಷ್ಟು ದಿನ ಈ ನಿಯಮವನ್ನು ಅನ್ಯಾಯ ಅಂತ ಬೈಯ್ತಾ ಇದ್ದೆ. ಕೂಡಿಟ್ಟವನಿಗಿಂತ ಜೊತೆಗೂಡಿದವರಿಗೆ ಅದು ವೋಟನ್ನು ಅಗ್ಗಕ್ಕೆ ಕೊಡುತ್ತೆ. ನಾನು ಫೇವರ್ ಕೂಡಿಡೋದರಲ್ಲಿ ಜೊತೆಯವರನ್ನು ಖರ್ಚು ಮಾಡಿಬಿಟ್ಟಿದ್ದೆ.

ನಿಯಮದ ಮೇಲೆ ನನ್ನ ದೂರು ಪೂರ್ತಿ ಹೋಗಿಲ್ಲ, ಬಿಡಿ. ಮುಂದೆ ಇರೋನನ್ನು ಕೆಳಗೆ ಎಳೆಯೋಕೆ ಇಷ್ಟು ಸುಲಭದ ದಾರಿ ಇದ್ದರೆ ಆಟ ಮುಗಿಯೋದೇ ಇಲ್ಲ. ಮಾತುಕತೆಗೆ ಒಂದು ಪರದೆಯನ್ನಾದರೂ ಕೊಡಬೇಕಿತ್ತು. ಆದರೆ ನಮ್ಮ ಮೂವರ ಮಟ್ಟಿಗೆ ಆ ಪರದೆ ಇತ್ತು. ಫೋನು. ಅದನ್ನು ಎತ್ತದೆ ಇದ್ದವನು ನಾನು.

ಸೋಮವಾರ ಸಂಜೆ ಡಬ್ಲಿನ್‌ಗೆ ಫೋನ್ ಮಾಡಿದೆ. ಮುಕ್ಕಾಲು ಗಂಟೆ ಮಾತಾಡಿದ್ವಿ. ಆಟದ ಸುದ್ದಿ ಬರಲೇ ಇಲ್ಲ. ಅವಳ ರೆಸ್ಯೂಮೆ ಈಗ ನನ್ನ ಹತ್ತಿರ ಇದೆ, ಗೊತ್ತಿರೋ ಮೂರು ಕಡೆ ಕಳಿಸಿದ್ದೀನಿ.

ಕಳೆದ ಭಾನುವಾರ ಮತ್ತೆ ಕಾಂಗ್ರೆಸ್ ಸೇರಿತು. ಈ ಸಲ ಹಳೇ ಆಟಗಾರರ ಒಂದು ಉಪಾಯ ಮಾಡಿದೆ. ಗೆದ್ದ ಕಡೆಗೇ ಸರಿಯಾಗಿ ವೋಟು ಹಾಕಿದವರಿಗೆ 1 ಅಂಕ ಸಿಗುತ್ತೆ. ಹಾಗಾಗಿ ಎಲ್ಲರೂ ನಿಮ್ಮ ಮೇಲೆ ಬೀಳ್ತಾರೆ ಅಂತ ಗೊತ್ತಿದ್ದರೆ, ನೀವೂ ಪುಕ್ಕಟೆ ವೋಟನ್ನು ನಿಮ್ಮ ವಿರುದ್ಧವೇ ಹಾಕಿಬಿಡಿ. 2 ಹೋದರೂ 1 ವಾಪಸ್ ಬರುತ್ತೆ, ಫೇವರ್ ಒಂದು ಪೈಸೆಯೂ ಖರ್ಚಾಗಲ್ಲ. ನಾನು 16ರಿಂದ 15ಕ್ಕೆ ಇಳಿದೆ. ಫಲಿತಾಂಶ ನೋಡಿ ಕಾಲ್‌ನಲ್ಲಿ ಇಬ್ಬರೂ ಬಿದ್ದುಬಿದ್ದು ನಕ್ಕರು. ನಾನೂ ನಕ್ಕೆ.

ಬಾಗಿಲಲ್ಲಿ ಅಮ್ಮ ನಿಂತಿದ್ದರು. "ಗೆದ್ಯಾ?"

"ಇಲ್ಲಮ್ಮ, ಇವತ್ತೂ ಸೋತೆ."

"ಮತ್ತೆ ನಗ್ತಾ ಇದ್ದೀಯಲ್ಲೋ," ಅಂದು ಲೈಟ್ ಆರಿಸಿ ಹೋದರು.