ನೆಂಟರನ್ನು ಎಲ್ಲಿಗೆ ಕರೆದುಕೊಂಡು ಹೋಗೋಣ?

ಕಳೆದ ವರ್ಷ ನಮ್ಮ ಮನೆಯ ವಾಟ್ಸಾಪ್ ಗುಂಪಿನಲ್ಲಿ ಒಂದು ಮತದಾನ ನಡೆಯಿತು. ಅಪ್ಪಯ್ಯನಿಗೆ 75 ತುಂಬುವ ದಿನ ಊಟಕ್ಕೆ ಎಲ್ಲಿಗೆ ಹೋಗುವುದು? ಬೊರಿವಲಿಯ ಅಕ್ಕ, ಡೊಂಬಿವಲಿಯ ತಮ್ಮ, ಠಾಣೆಯ ನಾನು, ಕಾಲೇಜು ಮೆಟ್ಟಿಲು ಹತ್ತಿದ ನಾಲ್ಕು ಮಕ್ಕಳು, ಎಲ್ಲರೂ ಸೇರಿ ಐದು ಹೋಟೆಲುಗಳ ಪಟ್ಟಿ ಮಾಡಿದೆವು. ಒಂದಕ್ಕೆ ಸಮುದ್ರ ಕಾಣುವ ಕಿಟಕಿ, ಇನ್ನೊಂದಕ್ಕೆ ಪತ್ರಿಕೆಯಲ್ಲಿ ಬಂದ ಹೊಗಳಿಕೆ, ಮತ್ತೊಂದಕ್ಕೆ ನಾಲ್ಕೂವರೆ ನಕ್ಷತ್ರ. ಅಪ್ಪಯ್ಯ ಆ ಗುಂಪಿನಲ್ಲಿಲ್ಲ, ಅವರದು ಇನ್ನೂ ಬಟನ್ ಫೋನು. ನಾನೇ ಕರೆ ಮಾಡಿ ಕೇಳಿದೆ. "ಎಲ್ಲಿಗಾರೂ ಹೋಪ. ಕೂಕಂಬುಕೆ ಜಾಗ ಸಿಕ್ರೆ ಸಾಕ್" ಅಂದರು. ಕುಂದಾಪುರದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಉಳಿದವರಿಗೆ: ಎಲ್ಲಿಗಾದರೂ ಹೋಗೋಣ, ಕೂತುಕೊಳ್ಳಲು ಜಾಗ ಸಿಕ್ಕರೆ ಸಾಕು.

ಅವತ್ತು ಈ ಮಾತನ್ನು ಮುದುಕರ ಮಾತು ಎಂದು ತಳ್ಳಿಹಾಕಿದೆವು. ಈಗ ಅನಿಸುತ್ತದೆ, ಮತ ಹಾಕಿದ ನಮ್ಮೆಲ್ಲರಿಗಿಂತ ಸರಿಯಾದ ಅಳತೆಗೋಲು ಹಿಡಿದಿದ್ದವರು ಅವರೇ.

ಮುಂಬಯಿಯವರಿಗೆ ಹೋಟೆಲುಗಳಿಗೆ ರ‍್ಯಾಂಕ್ ಕೊಡುವುದು ಕ್ರಿಕೆಟ್ ತಂಡ ಆರಿಸಿದಷ್ಟೇ ಪ್ರೀತಿಯ ಕೆಲಸ. ಬೆಂಗಳೂರಿನಿಂದ ಅಳಿಯ ಬರುತ್ತಾನೆ ಎಂದರೆ ಸಾಕು, ಲೋಕಲ್ ಡಬ್ಬಿಯಲ್ಲಿ ಪಕ್ಕದಲ್ಲಿ ನಿಂತವನೂ ಸಲಹೆ ಕೊಡುತ್ತಾನೆ. ಕಾಲಾಘೋಡಾದ ತೃಷ್ಣಾದಲ್ಲಿ ಬೆಣ್ಣೆ-ಬೆಳ್ಳುಳ್ಳಿಯ ಏಡಿ. ಬಲ್ಲಾರ್ಡ್ ಎಸ್ಟೇಟಿನಲ್ಲಿ 1923ರಿಂದ ಇರುವ ಪಾರ್ಸಿಗಳ ಬ್ರಿಟಾನಿಯಾದಲ್ಲಿ ಬೆರ‍್ರಿ ಪುಲಾವ್, ಅದೂ ಮಧ್ಯಾಹ್ನ ಮಾತ್ರ. ಚರ್ಚ್‌ಗೇಟಿನಲ್ಲಿ 1956ರ ಗೇಲಾರ್ಡ್. ಮತ್ತು ಎಲ್ಲ ಪಟ್ಟಿಗಳಲ್ಲೂ ತಪ್ಪದೆ, ಮಾಟುಂಗಾ. ಈ ಪಟ್ಟಿಗಳು ರುಚಿ ಅಳೆಯುತ್ತವೆ, ದರ ಅಳೆಯುತ್ತವೆ, ಗೋಡೆಯ ಬಣ್ಣವನ್ನೂ ಅಳೆಯುತ್ತವೆ. ಬಂದ ನೆಂಟನ ಜೊತೆ ಎಷ್ಟು ಹೊತ್ತು ಕೂತು ಮಾತಾಡಬಹುದು ಎಂಬುದನ್ನು ಮಾತ್ರ ಯಾವುದೂ ಅಳೆಯುವುದಿಲ್ಲ.

ನಮ್ಮ ಊರಿನಲ್ಲಿ ನೆಂಟರನ್ನು ಹೋಟೆಲಿಗೆ ಕರೆದುಕೊಂಡು ಹೋಗುವುದೆಂದರೆ ಅವಮಾನವೇ ಆಗಿತ್ತು. ಬಂದವರಿಗೆ ಮೊದಲು ಬೆಲ್ಲ-ನೀರು, ಆಮೇಲೆ ಜಗಲಿಯಲ್ಲಿ ಮಾತು, ಒಳಗೆ ಕೋಳಿ ಕೊಯ್ಯುವ ಗಡಿಬಿಡಿ. ಮುಂಬಯಿಗೆ ಬಂದವರಿಗೆ ಆ ಜಗಲಿ ಎಲ್ಲಿಂದ ಬರಬೇಕು? ಹತ್ತು ಅಡಿಗೆ ಹನ್ನೆರಡು ಅಡಿಯ ಖೋಲಿ, ಅದರಲ್ಲೇ ಮೋರಿ, ಅದರಲ್ಲೇ ಒಲೆ, ಅದರಲ್ಲೇ ಆರು ಜನರ ಹಾಸಿಗೆ. ನೆಂಟರು ಬಂದರೆ ಗಂಡಸರು ಎದ್ದು ಹೊರಗೆ ಹೋಗಬೇಕು, ಹಾಗಾದರೆ ಮಾತ್ರ ಹೆಂಗಸರು ಒಳಗೆ ಕೂತಾರು. ಹಾಗೆ ಹೊರಗೆ ಹೋದವರು ಸೇರುತ್ತಿದ್ದದ್ದು ಹತ್ತಿರದ ಹೋಟೆಲಿಗೆ. ಈ ನಗರದಲ್ಲಿ ಹೋಟೆಲು ನಮ್ಮ ಮನೆಯಿಂದ ಒಂದು ಫರ್ಲಾಂಗು ಆಚೆಗಿದ್ದ ಜಗಲಿ. ನೆಂಟರಿಗಾಗಿ ಹೋಟೆಲು ಆರಿಸುವಾಗ ನಾವು ಆರಿಸುತ್ತಿರುವುದು ಅಡುಗೆಮನೆಯನ್ನಲ್ಲ, ಈ ಜಗಲಿಯನ್ನು.

ಹೀಗೆ ನೋಡಿದರೆ ಮಾಟುಂಗಾದ ಲೆಕ್ಕ ತಲೆಕೆಳಗಾಗುತ್ತದೆ. ಇದನ್ನು ಬರೆಯಲು ಮನಸ್ಸು ಒಪ್ಪುತ್ತಿಲ್ಲ, ಏಕೆಂದರೆ ಅಲ್ಲಿನ ರುಚಿಯ ಬಗ್ಗೆ ನನಗೆ ಎಳ್ಳಷ್ಟೂ ತಕರಾರಿಲ್ಲ. ಮೈಸೂರು ಕೆಫೆ 1936ರದು. ಹತ್ತಿರದ ಯುಡಿಸಿಟಿಯಲ್ಲಿ ಓದಿದ ಮುಕೇಶ್ ಅಂಬಾನಿಯವರು ಅಲ್ಲಿನ ಇಡ್ಲಿ-ಸಾಂಬಾರಿನ ಋಣ ಹೇಳಿಕೊಂಡ ಮೇಲಂತೂ ಊರಿನಿಂದ ಬಂದವರೆಲ್ಲ ಅಲ್ಲಿಗೇ ಹೋಗಬೇಕು ಎನ್ನುತ್ತಾರೆ. ರಾಮ್ ಆಶ್ರಯ 1939ರದು, ಅಲ್ಲಿನ ಅನಾನಸ್ ಶಿರಾ ನೆನೆದರೆ ನನಗೀಗಲೂ ಬಾಯಲ್ಲಿ ನೀರು. ಕಾಮತರ ಕೆಫೆ ಮದ್ರಾಸ್ 1940ರದು, ಕಿಂಗ್ಸ್ ಸರ್ಕಲ್ಲಿನಲ್ಲಿ. ಅಲ್ಲಿನ ರಾಗಿ ದೋಸೆಯನ್ನು ನನ್ನ ಹೆಂಡತಿ ತನ್ನ ತಾಯಿ ಮಾಡುವುದಕ್ಕಿಂತ ಚೆನ್ನಾಗಿದೆ ಎನ್ನುತ್ತಾಳೆ. (ಅವರೆದುರು ಎನ್ನುವುದಿಲ್ಲ.) ಮಾಟುಂಗಾ ಸ್ಟೇಷನ್ನಿನಿಂದ ಹೊರಬಿದ್ದ ಕೂಡಲೇ ಮಾರ್ಕೆಟ್ ಕಟ್ಟಡದ ಮೇಲಿನ ಮಾಳಿಗೆಯಲ್ಲಿ 1942ರಲ್ಲಿ ಎ. ರಾಮ ನಾಯಕರು ಕಟ್ಟಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್, ಬಾಳೆಲೆಯ ಊಟ.

ಬೋರ್ಡಿಂಗ್ ಎಂಬ ಶಬ್ದವನ್ನು ಗಮನಿಸಿ. ಸಂಸಾರ ಊರಲ್ಲಿ ಬಿಟ್ಟು ಬಂದ ಗುಮಾಸ್ತರಿಗೆ, ಓದುವ ಹುಡುಗರಿಗೆ, ದಿನಾ ಎರಡು ಹೊತ್ತು ಊಟ ಹಾಕಲು ಹುಟ್ಟಿದ ವ್ಯವಸ್ಥೆ ಅದು. ಹಬ್ಬಕ್ಕಾಗಿ ಹುಟ್ಟಿದ್ದಲ್ಲ. ಅಗ್ಗಕ್ಕೆ ಶುದ್ಧ ಊಟ ಕೊಡಬೇಕಾದರೆ ಒಂದು ಕುರ್ಚಿಯ ಮೇಲೆ ದಿನಕ್ಕೆ ಹೆಚ್ಚು ಜನ ಕೂತು ಏಳಬೇಕು. ಉಡುಪಿ ಹೋಟೆಲಿನ ಇಡೀ ಗಣಿತವೇ ಇದು. ದರ ಕಡಿಮೆ, ಬಡಿಸುವುದು ಬೇಗ, ಏಳುವುದೂ ಬೇಗ. ಕಾಫಿ ಮುಗಿಯುವ ಮೊದಲೇ ಬಿಲ್ಲು ಬಂದರೆ ಅದು ಅಗೌರವ ಅಲ್ಲ, ಆ ಹತ್ತು ರೂಪಾಯಿ ಕಡಿಮೆ ದರದ ಬೆಲೆ.

ಅಪ್ಪಯ್ಯನಿಗೆ ಈ ಗಣಿತ ಕೈಯಲ್ಲಿ ಗೊತ್ತು. 1962ರಲ್ಲಿ, ಹನ್ನೆರಡನೆಯ ವಯಸ್ಸಿಗೆ, ಕೋಟೆ ಪ್ರದೇಶದ ಒಂದು ಹೋಟೆಲಿಗೆ ಕ್ಲೀನರ್ ಆಗಿ ಸೇರಿದವರು. ರಾತ್ರಿ ಶಟರ್ ಎಳೆದ ಮೇಲೆ ಅವವೇ ಟೇಬಲ್ಲುಗಳನ್ನು ಜೋಡಿಸಿ ಮಲಗುವುದು, ಬೆಳಗ್ಗೆ ಐದಕ್ಕೆ ಅವನ್ನೇ ಬಿಡಿಸಿ ಒರೆಸುವುದು. ನಡುವೆ ಎರಡು ವರ್ಷ ಕನ್ನಡ ರಾತ್ರಿ ಶಾಲೆ. ಗಿರಾಕಿ ಏಳದಿದ್ದರೆ ಏನು ಮಾಡಬೇಕು ಎಂದು ಅವರಿಗೆ ಮೊದಲ ವಾರವೇ ಕಲಿಸಿದ್ದರಂತೆ: ಮಾತಾಡಬೇಡ, ಒದ್ದೆ ಬಟ್ಟೆ ತಂದು ಅವರೆದುರು ಟೇಬಲ್ಲು ಒರೆಸು. ಮೊಣಕೈ ಎತ್ತಿದವನು ಎದ್ದೇ ಏಳುತ್ತಾನೆ.

ಹಾಗಾಗಿ ಮಾಟುಂಗಾದ ಹೋಟೆಲುಗಳಿಗೆ "ಕೂರಲು ಬಿಡುವುದಿಲ್ಲ" ಎಂದು ಅಂಕ ಕಳೆಯುವವರ ಮೇಲೆ ನನಗೆ ಸಿಟ್ಟಿದೆ. ಅವು ತಮ್ಮ ಕೆಲಸ ಸರಿಯಾಗಿಯೇ ಮಾಡುತ್ತಿವೆ, ತಪ್ಪು ಕೆಲಸಕ್ಕೆ ಅವನ್ನು ಕರೆಯುತ್ತಿರುವವರು ನಾವು. ಭಾನುವಾರ ಬೆಳಗ್ಗೆ ಹತ್ತು ಗಂಟೆಗೆ, ಮಂಡಿನೋವಿನ ದೊಡ್ಡಮ್ಮನನ್ನು ಕರೆದುಕೊಂಡು ಮುಲುಂಡಿನಿಂದ ಹೊರಟು, ಮೆಗಾಬ್ಲಾಕಿನ ರೈಲಿನಲ್ಲಿ ನುಗ್ಗಿ, ಫುಟ್‌ಪಾತಿನ ಮೇಲೆ ಸರದಿಗೆ ಮುಕ್ಕಾಲು ಗಂಟೆ ನಿಲ್ಲಿಸಿ, ಹದಿನೈದು ನಿಮಿಷದಲ್ಲಿ ತಿಂದು ಎಬ್ಬಿಸಿಕೊಂಡು ಬರುವುದು ಯಾವ ಸೀಮೆಯ ಸತ್ಕಾರ? ಬಾಳೆಲೆ ಊಟಕ್ಕೆಂದರೆ ಮೆಟ್ಟಿಲು ಬೇರೆ ಹತ್ತಿಸಬೇಕು. ಜೊತೆಗೆ, ದಿನಾ ಅಲ್ಲೇ ಉಂಡು ಕೆಲಸಕ್ಕೆ ಹೋಗುವ ಮನುಷ್ಯನೊಬ್ಬ ಆ ಸರದಿಯಲ್ಲಿ ನಮ್ಮ ಫೋಟೋಗಳ ಹಿಂದೆ ನಿಂತಿರುತ್ತಾನೆ. ಅವನಿಗಾಗಿ ಕಟ್ಟಿದ ಜಾಗ ಅದು.

ಇದೇ ನಗರದಲ್ಲಿ 1966ರಲ್ಲಿ ಶಿವಸೇನೆ ಹುಟ್ಟಿದ ಮೇಲಿನ ವರ್ಷಗಳಲ್ಲಿ "ಲುಂಗಿ ಹಟಾವೋ" ಎಂದು ಇಂಥ ಹೋಟೆಲುಗಳ ಮೇಲೆ ಕಲ್ಲು ಬೀಳುತ್ತಿತ್ತು. ಈಗ ಅವೇ ನಗರದ ಹೆಮ್ಮೆ ಎಂದು ಪಟ್ಟಿಗಳಲ್ಲಿ ಬರುವುದು ಸಂತೋಷವೇ. ಆದರೆ ಪಟ್ಟಿ ಮಾಡುವವರು ಅವು ಯಾರ ಹೊಟ್ಟೆಗೆ ಇದ್ದವು ಎಂಬುದನ್ನು ಮರೆತು ಬರೀ ಬೆಣ್ಣೆಯ ಹೊಳಪು ನೋಡಿದರೆ ನನ್ನಂಥವರಿಗೆ ಚುಚ್ಚುತ್ತದೆ.

ಇನ್ನು ವಿಶೇಷ ದಿನಗಳ ಮಾತು. ಇಲ್ಲಿ ನಮ್ಮವರದೇ ಒಂದು ಮುಚ್ಚುಮರೆ ಇದೆ. ಮುಂಬಯಿಯ ಉಡುಪಿ ಹೋಟೆಲುಗಳನ್ನು ನಡೆಸಿದವರಲ್ಲಿ ಬಂಟರು, ಬಿಲ್ಲವರು, ಮೊಗವೀರರು ಎಷ್ಟು ಜನ! ಹಗಲಿಡೀ ಈರುಳ್ಳಿ ದೋಸೆ ಮಾರಿ, ರಾತ್ರಿ ಖೋಲಿಗೆ ಬಂದು ಬಂಗುಡೆ ಸಾರಿನಲ್ಲಿ ಕುಚ್ಚಲಕ್ಕಿ ಅನ್ನ ಕಲಸಿದವರು. ಊರಿಗೆಲ್ಲ ಬಡಿಸಿದ್ದು ಒಂದು, ತಾವು ಉಂಡದ್ದು ಇನ್ನೊಂದು. ತಮ್ಮ ಮನೆಯ ಊಟವನ್ನು ಬೋರ್ಡು ಹಾಕಿ ಮಾರಬಹುದು ಎಂಬ ಧೈರ್ಯ ಬರಲು ಹೊತ್ತು ಹಿಡಿಯಿತು. ಸುರು ಕರ್ಕೇರ ಅವರು ಕೋಟೆಯಲ್ಲಿ ಮಹೇಶ್ ಲಂಚ್ ಹೋಮ್ ತೆರೆದದ್ದು 1973ರಲ್ಲಿ. ಹೆಸರೇ ಹೇಳುವಂತೆ ಅದೂ ಮಧ್ಯಾಹ್ನದ ಊಟಕ್ಕೆ ಬರುವ ಆಫೀಸಿನವರಿಗಾಗಿ. ಆಮೇಲೆ ಬ್ಯಾಂಕಿನ ಸಾಹೇಬರು ಬಂದರು, ಸಾಹೇಬರ ಗಿರಾಕಿಗಳು ಬಂದರು, ಮೇಜಿಗೆ ಬಟ್ಟೆ ಬಂತು, ಗಸಿಗೆ ಮರ್ಯಾದೆ ಬಂತು. ಹಾರ್ನಿಮನ್ ಸರ್ಕಲ್ ಹತ್ತಿರದ ಅಪೂರ್ವ, ಕಾಲಾಘೋಡಾದ ತೃಷ್ಣಾ ಎಲ್ಲ ಇದೇ ದಾರಿಯವು.

ನನ್ನನ್ನು ಕೇಳಿದರೆ ನಿಶ್ಚಿತಾರ್ಥ, ಬಡ್ತಿ, ಮಗಳ ಹತ್ತನೇ ತರಗತಿ ಫಲಿತಾಂಶ, ಇವಕ್ಕೆಲ್ಲ ಕೋಟೆಯ ಮೀನಿನ ಹೋಟೆಲುಗಳೇ ಮೊದಲು. ಸಸ್ಯಾಹಾರಿ ನೆಂಟರಿದ್ದರೆ ಬೇರೆ ಮಾತು. ಅಲ್ಲಿ ಯಾರೂ ನಿಮ್ಮ ಮೊಣಕೈ ಎತ್ತಿಸುವುದಿಲ್ಲ, ಏಕೆಂದರೆ ಕೂರುವ ಹೊತ್ತನ್ನು ದರದಲ್ಲೇ ಸೇರಿಸಿರುತ್ತಾರೆ. ಒಂದೇ ಎಚ್ಚರ: ಮೆನುವಿನಲ್ಲಿ ಏಡಿ, ಪಾಂಫ್ರೆಟ್ ಎದುರು ದರದ ಬದಲು "ಗಾತ್ರದ ಪ್ರಕಾರ" ಎಂದು ಇರುವುದುಂಟು. ಆಗ ನಾಚಿಕೊಳ್ಳದೆ ಕೇಳಿ. ನೆಂಟರೆದುರು ದರ ಕೇಳಲಾಗದೆ ತಿಂಗಳ ಕಂತು ತಪ್ಪಿಸಿಕೊಂಡವರು ನನಗೆ ಗೊತ್ತು. ಮತ್ತೆ, ಬೆಣ್ಣೆ-ಬೆಳ್ಳುಳ್ಳಿ ಏಡಿ ಎಷ್ಟೇ ಹೆಸರು ಮಾಡಲಿ, ನಮ್ಮ ಕರಾವಳಿಯ ಯಾವ ಅಜ್ಜಿಯೂ ಅದನ್ನು ಮಾಡಿದವಳಲ್ಲ. ಹೊರಗಿನ ನೆಂಟರಿಗೆ ನಮ್ಮದೆಂದು ತೋರಿಸುವುದಾದರೆ ನೀರುದೋಸೆ, ಗಸಿ, ಕಾಣೆ ಹುರಿದದ್ದು ತರಿಸಿ. ಘೀ ರೋಸ್ಟ್ ಸಿಕ್ಕರೆ ಅದು ಕುಂದಾಪುರದ ಶೆಟ್ಟಿ ಲಂಚ್ ಹೋಮಿನಿಂದ ಹೊರಟು ಇಲ್ಲಿವರೆಗೆ ಬಂದದ್ದು ಎಂದು ಹೇಳಿ, ನನ್ನ ಊರಿನ ಅಭಿಮಾನಕ್ಕಾದರೂ.

ನಮ್ಮ ಮತದಾನದಲ್ಲಿ ಗೆದ್ದದ್ದು ಇದಾವುದೂ ಅಲ್ಲ. ಮಕ್ಕಳ ಮತ ಹೆಚ್ಚಿತ್ತು. ಬಾಂದ್ರಾ-ಕುರ್ಲಾ ಸಂಕೀರ್ಣದ ಗಾಜಿನ ಕಟ್ಟಡವೊಂದರಲ್ಲಿ ಟೇಬಲ್ಲು ಕಾದಿರಿಸಿದೆವು. ದೀಪ ಎಷ್ಟು ಮಂದವೆಂದರೆ ಅಪ್ಪಯ್ಯನಿಗೆ ತಟ್ಟೆಯಲ್ಲಿ ಏನಿದೆ ಎಂದು ನಾವು ಹೇಳಬೇಕಾಯಿತು. ಊಟ ಕೆಟ್ಟದಿರಲಿಲ್ಲ. ಎಂಟೂ ಮುಕ್ಕಾಲಿಗೆ ನನ್ನ ಫೋನಿಗೆ ಸಂದೇಶ ಬಂತು: ನಿಮ್ಮ ಟೇಬಲ್ಲು ಒಂಬತ್ತರವರೆಗೆ ಮಾತ್ರ, ಸಹಕರಿಸಿ. ಕೇಕು ಇನ್ನೂ ಕತ್ತರಿಸಿರಲಿಲ್ಲ. ಏನೆಂದು ಅಪ್ಪಯ್ಯ ಕೇಳಿದರು, ಓದಿ ಹೇಳಿದೆ. ಸಿಟ್ಟಾಗಬಹುದು ಅಂದುಕೊಂಡರೆ, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. "ಒದ್ದಿ ಬಟ್ಟಿ!" ಅಂದರು.

ಹೊರಡುವಾಗ ಅವರು ನೀರು ಬಡಿಸಿದ ಹುಡುಗನನ್ನು ನಿಲ್ಲಿಸಿ ಹಿಂದಿಯಲ್ಲಿ ಕೇಳಿದ್ದು ಒಂದೇ, ರಾತ್ರಿ ಎಲ್ಲಿ ಮಲಗುತ್ತೀ ಎಂದು. ಧಾರಾವಿಯಲ್ಲಿ, ಎಂಟು ಜನ, ಪಾಳಿಯ ಮೇಲೆ ಎಂದ. ಅಪ್ಪಯ್ಯ ತಲೆಯಾಡಿಸಿದರು. ಟಿಪ್ಪನ್ನು ನಾನು ಕಾರ್ಡಿನಲ್ಲಿ ಸೇರಿಸಿದ್ದೆ, ಅವರು ಮತ್ತೆ ನೋಟು ಕೊಟ್ಟರು.

ಅಂದಿನಿಂದ ನನ್ನ ಪಟ್ಟಿ ಬದಲಾಗಿದೆ. ಊರಿನಿಂದ ಬಂದವರನ್ನು ಇಡ್ಲಿ ತಿನ್ನಿಸಲು ಮಾಟುಂಗಾಕ್ಕೆ ಎಳೆಯುವುದಿಲ್ಲ, ಜೀವಮಾನವಿಡೀ ಇಡ್ಲಿ ತಿಂದವರಿಗೆ ಬೆರ‍್ರಿ ಪುಲಾವೇ ಪ್ರವಾಸ. ಆಫೀಸಿನ ಗುಜರಾತಿ, ಮರಾಠಿ ಗೆಳೆಯರನ್ನು ಬಾಳೆಲೆ ಊಟಕ್ಕೆ ಕರೆಯುತ್ತೇನೆ, ಆದರೆ ವಾರದ ನಡುವಿನ ದಿನ. ಮತ್ತು ಎಲ್ಲಕ್ಕಿಂತ ಮೊದಲ ಸ್ಥಾನ ಯಾವ ಪಟ್ಟಿಯಲ್ಲೂ ಬರದ ಹೋಟೆಲಿಗೆ. ಕಲ್ಯಾಣದಿಂದ ವಿರಾರಿನವರೆಗೆ ಪ್ರತಿ ಸ್ಟೇಷನ್ನಿನ ಎದುರು ಅಂಥದ್ದೊಂದು ಇದ್ದೇ ಇದೆ: ಕೆಳಗೆ ದೋಸೆ, ಪಾವ್‌ಭಾಜಿ, ಚೈನೀಸ್, ಪಂಜಾಬಿ ಎಲ್ಲವೂ ಒಂದೇ ಮೆನುವಿನಲ್ಲಿ. ಮೇಲೆ ಸ್ವಲ್ಪ ಹೆಚ್ಚು ದರದ ಎಸಿ ವಿಭಾಗ. ಗಲ್ಲೆಯಲ್ಲಿ ನಮ್ಮ ಕಡೆಯವರು. ಸಾಂಬಾರಿಗೆ ಬೆಲ್ಲ ಜಾಸ್ತಿ, ಒಪ್ಪುತ್ತೇನೆ. ಮೈಸೂರು ಮಸಾಲೆ ದೋಸೆ ಕೇಳಿದರೆ ಮೈಸೂರಿನವರು ಕಂಡೇ ಇರದ ಕೆಂಪು ಪಲ್ಯ ತುಂಬಿಸಿ ತರುತ್ತಾರೆ. ಆದರೆ ಮಧ್ಯಾಹ್ನ ನಾಲ್ಕಕ್ಕೆ, ಊಟದ ಗದ್ದಲ ಮುಗಿದು ಸಂಜೆಯ ಗದ್ದಲ ಶುರುವಾಗದ ಹೊತ್ತಿನಲ್ಲಿ, ಅಲ್ಲಿ ಕುರ್ಚಿಗಳು ಖಾಲಿ ಇರುತ್ತವೆ.

ಮೊನ್ನೆ ಮಾವ ಮತ್ಸ್ಯಗಂಧದಲ್ಲಿ ಬಂದಿಳಿದರು. ಅಪ್ಪಯ್ಯನಿಗೂ ಅವರಿಗೂ ಆರು ವರ್ಷದ ಮಾತು ಬಾಕಿ. ಸಂಜೆ ನಾಲ್ಕಕ್ಕೆ ಇಬ್ಬರನ್ನೂ ನಮ್ಮ ಸ್ಟೇಷನ್ನಿನ ಎದುರಿನ ಹೋಟೆಲಿಗೆ ಕರೆದುಕೊಂಡು ಹೋದೆ. ಗಲ್ಲೆಯಲ್ಲಿದ್ದವರು ಬೈಂದೂರಿನವರು, ಯಾವೂರು ಯಾವ ಮನೆ ಎಂಬಲ್ಲಿಗೆ ಹತ್ತು ನಿಮಿಷ. ಗೋಳಿಬಜೆ ಬಂತು, ಚಾ ಬಂತು, ಆಸ್ತಿ ಪಾಲಿನ ಮಾತು ಬಂತು, ತೀರಿಕೊಂಡ ಅತ್ತೆಯ ಮಾತು ಬಂದು ಇಬ್ಬರೂ ಸುಮ್ಮನಾದರು. ಆರು ಗಂಟೆಗೆ ಜನ ತುಂಬತೊಡಗಿದಾಗ ಹುಡುಗನೊಬ್ಬ ಒದ್ದೆ ಬಟ್ಟೆ ಹಿಡಿದು ಬಂದ. ಅಪ್ಪಯ್ಯ ಎರಡೂ ಮೊಣಕೈ ಎತ್ತಿ ಅವನಿಗೆ ಒರೆಸಲು ಜಾಗ ಬಿಟ್ಟರು. ಒರೆಸಿ ಮುಗಿದ ಮೇಲೆ ಮೊಣಕೈಗಳನ್ನು ಮತ್ತೆ ಅಲ್ಲೇ ಊರಿ, ಇನ್ನೆರಡು ಚಾ ಹೇಳಿದರು.